ಚುಕ್ಕೆ ಸಿಕ್ಕಿತು, ಊರು ಸಿಗಲಿಲ್ಲ

2010ರ ಫೆಬ್ರವರಿ. ಬಿಟಿಎಂ ಲೇಔಟಿನ ಪಿಜಿಯಲ್ಲಿ ನಾವು ಮೂವರು ಒಂದು ಲ್ಯಾಪ್‌ಟಾಪ್ ಮುಂದೆ ಕೂತು ರಾತ್ರಿ ಎರಡು ಗಂಟೆ ಆಗೋದನ್ನೇ ಕಾಯ್ತಾ ಇದ್ವಿ. ನಮ್ಮ ಬ್ರಾಡ್‌ಬ್ಯಾಂಡ್ ಪ್ಲಾನಿನಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಎಷ್ಟು ಇಳಿಸಿಕೊಂಡರೂ ಲೆಕ್ಕಕ್ಕಿಲ್ಲ. ಹಗಲಲ್ಲಿ ಎರಡು ಸಿನಿಮಾ ಇಳಿಸಿದ್ರೆ ತಿಂಗಳ ಕೋಟಾ ಖಾಲಿ. ಆವತ್ತು ಇಳಿಸಬೇಕಿದ್ದದ್ದು ಸಿನಿಮಾ ಅಲ್ಲ, ಇಂಡಿಯಾದ ನಕ್ಷೆ.

ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ಸಂಬಳದಲ್ಲಿ ಉಳಿಸಿ ನೋಕಿಯಾ 5230 ಕೊಂಡಿದ್ದೆ. ಅದರಲ್ಲಿ ವೈಫೈ ಇಲ್ಲ, ಆದ್ರೆ ಜಿಪಿಎಸ್ ಇದೆ. ಹಿಂದಿನ ತಿಂಗಳಷ್ಟೇ, ಜನವರಿ 21ಕ್ಕೆ, ನೋಕಿಯಾ ತನ್ನ ಓವಿ ಮ್ಯಾಪ್ಸ್‌ನಲ್ಲಿ ದಾರಿ ಹೇಳುವ ಸೌಲಭ್ಯವನ್ನು 74 ದೇಶಗಳಿಗೆ ಉಚಿತ ಮಾಡಿತ್ತು. ಉಚಿತ ಅಂದ್ರೆ ನಾವು ಬಿಡ್ತೀವಾ?

ಕೆಲಸಕ್ಕೊಂದು ಕ್ರಮ ಇತ್ತು. ಮೊದಲು ಫೋನಿನಲ್ಲಿ ಮ್ಯಾಪ್ ಒಂದ್ಸಲ ತೆರೆದು ಮುಚ್ಚಬೇಕು. ಆಗ ಮೆಮೊರಿ ಕಾರ್ಡಿನಲ್ಲಿ 'ಸಿಟೀಸ್' ಅನ್ನೋ ಫೋಲ್ಡರ್ ಹುಟ್ಟುತ್ತೆ. ಆಮೇಲೆ ಡೇಟಾ ಕೇಬಲ್ ಸಿಕ್ಕಿಸಿ, ಕಂಪ್ಯೂಟರಿನಲ್ಲಿ ಮ್ಯಾಪ್ ಲೋಡರ್ ತೆರೆದು, ಏಷ್ಯಾ ಒತ್ತಿ, ಇಂಡಿಯಾ ಆರಿಸಿ, ಸುಮ್ಮನೆ ಕಾಯಬೇಕು. ಬೆಳಗಿನ ಜಾವಕ್ಕೆ ಇಡೀ ದೇಶ ಉಗುರಿನಷ್ಟಗಲದ ಕಾರ್ಡಿಗೆ ಇಳಿದಿತ್ತು. ಟೆರೇಸಿಗೆ ಹೋಗಿ ಫೋನನ್ನು ಆಕಾಶಕ್ಕೆ ಹಿಡಿದು ನಿಂತ್ವಿ. ಕೆಲವು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಚುಕ್ಕೆ ಬಂತು, ಸರಿಯಾಗಿ ನಮ್ಮ ಕ್ರಾಸ್ ಮೇಲೆ. ನೆಟ್ ಇಲ್ಲ, ದುಡ್ಡಿಲ್ಲ, ಯಾರನ್ನೂ ಕೇಳೋ ಹಾಗಿಲ್ಲ. ಹಳ್ಳಿಯಿಂದ ಬಂದು, ಬೆಂಗಳೂರಲ್ಲಿ ದಾರಿ ಕೇಳೋಕೆ ನಾಚಿಕೊಂಡು ಎರಡು ಬಸ್ ಹೆಚ್ಚು ಹತ್ತುತ್ತಿದ್ದವನಿಗೆ ಅದೇನು ಸಣ್ಣ ವಿಷಯ ಅಲ್ಲ.

ಮುಂದಿನ ತಿಂಗಳು ಯುಗಾದಿಗೆ ಊರಿಗೆ ಹೋದೆ. ನಮ್ಮೂರು ಹಾಸನ ಜಿಲ್ಲೆಯ ಒಂದು ಹೊಸಹಳ್ಳಿ. ಟಾರ್ ರೋಡಿನ ಗೇಟಿನಲ್ಲಿ ಬಸ್ಸಿಳಿದು ಎರಡು ಕಿಲೋಮೀಟರ್ ನಡೀಬೇಕು. ಗೇಟಿನ ಟೀ ಅಂಗಡಿಯ ಬೆಂಚಿನ ಮೇಲೆ ಎಂದಿನಂತೆ ದೊಡ್ಡಪ್ಪ ಕೂತಿದ್ದರು. ಸುತ್ತ ಹತ್ತು ಹಳ್ಳಿಗೆ ಬರುವವರು ದಾರಿ ಕೇಳುತ್ತಿದ್ದದ್ದು ಅವರನ್ನೇ. ಫೋನ್ ತೆಗೆದು ತೋರಿಸಿದೆ. ಚುಕ್ಕೆ ಬಂತು. ಚುಕ್ಕೆಯ ಸುತ್ತ ಬರೀ ಬಿಳಿ ಬಯಲು. ಟಾರ್ ರೋಡಿನದ್ದೊಂದು ಗೆರೆ ಬಿಟ್ಟರೆ ಕೆರೆಯೂ ಇಲ್ಲ, ಊರೂ ಇಲ್ಲ.

"ನೀನೇನೋ ಇದ್ದೀಯ, ಊರೆಲ್ಲಿ ಕಣ್ಲಾ?" ಅಂದರು ದೊಡ್ಡಪ್ಪ.

ನಕ್ಕೆವು. ಆ ಪ್ರಶ್ನೆಗೆ ಉತ್ತರ ಹುಡುಕೋಕೆ ಶುರು ಮಾಡಿದ್ದು ಮಾತ್ರ ಎರಡು ವರ್ಷ ಕಳೆದ ಮೇಲೆ, ನಗು ಬರದಂಥ ಒಂದು ರಾತ್ರಿಯ ನಂತರ. ಅದನ್ನು ಮುಂದೆ ಹೇಳ್ತೀನಿ. ಮೊದಲು ಚುಕ್ಕೆಯ ಕತೆ.

ಚುಕ್ಕೆ ಆಕಾಶದಿಂದ ಬಂದದ್ದು. ಅಮೆರಿಕದ ಸೇನೆ ತನ್ನ ಹಡಗು, ವಿಮಾನ, ಕ್ಷಿಪಣಿಗಳಿಗಾಗಿ ಕಟ್ಟಿಕೊಂಡ ವ್ಯವಸ್ಥೆ ಜಿಪಿಎಸ್. ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋದ ಕೊರಿಯಾದ ಪ್ರಯಾಣಿಕರ ವಿಮಾನವನ್ನು ಸೋವಿಯತ್ ಯುದ್ಧವಿಮಾನ ಹೊಡೆದುರುಳಿಸಿ 269 ಜನ ಸತ್ತರು. ಅದಾದ ಮೇಲೆ ಅಧ್ಯಕ್ಷ ರೇಗನ್, ಜಿಪಿಎಸ್ ಸಿದ್ಧವಾದಾಗ ನಾಗರಿಕರಿಗೂ ಸಿಗುತ್ತೆ ಅಂತ ಘೋಷಿಸಿದರು. ಸಿಕ್ಕಿತು, ಆದ್ರೆ ಬೇಕಂತಲೇ ಕೆಡಿಸಿ. ಸಾಮಾನ್ಯರಿಗೆ ಸಿಗುವ ಸಂಕೇತದಲ್ಲಿ ಸೇನೆ ತಪ್ಪು ಬೆರೆಸುತ್ತಿತ್ತು. ಜಾಗ ಸುಮಾರು 100 ಮೀಟರಿನಷ್ಟು ಆಚೀಚೆ ಆಗ್ತಿತ್ತು. ಅಂದ್ರೆ ನೀವು ಎಂ.ಜಿ. ರೋಡಲ್ಲಿ ನಿಂತಿದ್ರೆ ಚುಕ್ಕೆ ಚರ್ಚ್ ಸ್ಟ್ರೀಟಲ್ಲಿ. 2000ದ ಮೇ ತಿಂಗಳ ಮೊದಲ ವಾರ ಅಧ್ಯಕ್ಷ ಕ್ಲಿಂಟನ್ ಆ ಬೆರಕೆಯನ್ನು ನಿಲ್ಲಿಸಿದರು. ನಾನಾಗ ಹೈಸ್ಕೂಲಿಗೆ ಹೋಗೋ ಹುಡುಗ. ನಮ್ಮ ರಾಗಿ ಹೊಲಕ್ಕೂ ಅದೇ ರಾತ್ರಿಯಿಂದ ನಿಖರವಾದ ಅಕ್ಷಾಂಶ ರೇಖಾಂಶ ಸುರಿಯತೊಡಗಿತ್ತು ಅಂತ ಊರಲ್ಲಿ ಯಾರಿಗೆ ಗೊತ್ತು?

ಉಪಗ್ರಹ ಮಾಡೋ ಕೆಲಸ ಬಹಳ ಸರಳ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ತಿರುಗುತ್ತಾ, "ನಾನು ಇಂಥ ಉಪಗ್ರಹ, ಈಗ ಟೈಮ್ ಇಷ್ಟು, ನಾನಿರೋದು ಇಲ್ಲಿ" ಅಂತ ಹೇಳ್ತಾನೇ ಇರುತ್ತೆ. ಫೋನು ಅಂಥ ನಾಲ್ಕು ದನಿ ಕೇಳಿ, ಯಾವುದು ಎಷ್ಟು ತಡವಾಗಿ ಬಂತು ಅಂತ ನೋಡಿ, ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ 300 ಮೀಟರ್ ವ್ಯತ್ಯಾಸ. ಅದಕ್ಕೇ ಪ್ರತಿ ಉಪಗ್ರಹದಲ್ಲೂ ಪರಮಾಣು ಗಡಿಯಾರ ಇರುತ್ತೆ. ಇಷ್ಟೆಲ್ಲ ಇದ್ದೂ ಅದು ಮಾಹಿತಿ ಕಳಿಸೋದು ಸೆಕೆಂಡಿಗೆ ಬರೀ 50 ಬಿಟ್. ತನ್ನ ಜಾಗದ ವಿವರ ಹೇಳಿ ಮುಗಿಸೋಕೆ ಅರ್ಧ ನಿಮಿಷ ಬೇಕು, ಎಲ್ಲ ಉಪಗ್ರಹಗಳ ಪಂಚಾಂಗ ಒಪ್ಪಿಸೋಕೆ ಹನ್ನೆರಡೂವರೆ ನಿಮಿಷ. ಟೆರೇಸಿನಲ್ಲಿ ನಾವು ಕಾದದ್ದು ಇದಕ್ಕೇ. ಈಗ ಚುಕ್ಕೆ ತಕ್ಷಣ ಬರುತ್ತಲ್ಲ, ಅದು ಆ ವಿವರವನ್ನು ಮೊಬೈಲ್ ನೆಟ್‌ವರ್ಕ್ ಮೊದಲೇ ಕಿವಿಯಲ್ಲಿ ಹೇಳಿಬಿಡೋದರಿಂದ.

ಇಷ್ಟರಲ್ಲಿ ಒಂದು ವಿಷಯ ಗಮನಿಸಿದ್ರಾ? ಉಪಗ್ರಹಕ್ಕೆ ರಸ್ತೆ ಗೊತ್ತಿಲ್ಲ. ಕೆರೆ ಗೊತ್ತಿಲ್ಲ. ನೀವು ಇದ್ದೀರಿ ಅನ್ನೋದೂ ಗೊತ್ತಿಲ್ಲ. ಅದು ಕೊಡೋದು ಎರಡು ಸಂಖ್ಯೆ ಸಿಗುವಷ್ಟು ಲೆಕ್ಕ ಮಾತ್ರ. ಆ ಸಂಖ್ಯೆಯ ಕೆಳಗೆ ಇರಬೇಕಾದ ಊರನ್ನು ನೆಲದ ಮೇಲೆ ಯಾರಾದ್ರೂ ನಡೆದೇ ಬರೀಬೇಕು.

ನಡೆದು ಬರೆಯೋ ಕೆಲಸ ನಮ್ಮ ಕಡೆ ಶುರುವಾಗಿದ್ದು ಶ್ರೀರಂಗಪಟ್ಟಣದ ಯುದ್ಧದ ಹಿಂದೆಯೇ. 1799ರಲ್ಲಿ ಟಿಪ್ಪು ವಿರುದ್ಧ ಬಂದ ಬ್ರಿಟಿಷ್ ಸೈನ್ಯದಲ್ಲಿ ವಿಲಿಯಂ ಲ್ಯಾಂಬ್ಟನ್ ಅಂತ ಒಬ್ಬ ಅಧಿಕಾರಿ ಇದ್ದ. ಒಂದು ರಾತ್ರಿ ಕತ್ತಲಲ್ಲಿ ಸಾಗುತ್ತಿದ್ದ ದಂಡು ದಕ್ಷಿಣಕ್ಕೆ ಹೋಗೋ ಬದಲು ಉತ್ತರಕ್ಕೆ, ಅಂದ್ರೆ ನೇರ ಟಿಪ್ಪುವಿನ ಸೈನ್ಯದ ಕಡೆಗೆ ಹೋಗ್ತಿದೆ ಅಂತ ನಕ್ಷತ್ರ ನೋಡಿ ಹೇಳಿದವನು ಅವನು ಅಂತ ಕತೆ. ಆಕಾಶ ನೋಡಿ ದಾರಿ ತಿಳಿಯೋದು ನಮ್ಮ ಫೋನು ಕಂಡುಹಿಡಿದ ವಿದ್ಯೆಯಲ್ಲ, ಬಿಡಿ. ಟಿಪ್ಪು ಸತ್ತು ರಾಜ್ಯ ಕೈಗೆ ಬಂದ ಮೇಲೆ, ಗೆದ್ದದ್ದು ಎಷ್ಟು ಅಂತ ಅಳೆಯಬೇಕಲ್ಲ? ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೇಗೆ ಇಳಿದ. ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹತ್ತಿರ ಏಳು ಮೈಲಿಗೂ ಉದ್ದದ ಗೆರೆಯೊಂದನ್ನು ಸರಪಳಿ ಹಿಡಿದು ಅಳೆಸಿದ. 100 ಅಡಿಯ ಉಕ್ಕಿನ ಸರಪಳಿ. ಅದನ್ನು ಎತ್ತಿ, ಎಳೆದು, ಮತ್ತೆ ಎತ್ತಿ ಏಳು ಮೈಲಿ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಇನ್ನೊಂದು ಗೆರೆ. ಅಲ್ಲಿಂದ ಗುಡ್ಡದಿಂದ ಗುಡ್ಡಕ್ಕೆ ತ್ರಿಕೋನ ಜೋಡಿಸುತ್ತಾ ಹಿಮಾಲಯದವರೆಗೆ ಹೋದದ್ದೇ ಮಹಾ ತ್ರಿಕೋನಮಿತಿ ಸರ್ವೇ. ಲ್ಯಾಂಬ್ಟನ್ ಹೆಸರು ಪುಸ್ತಕದಲ್ಲಿದೆ. ಸರಪಳಿ ಹೊತ್ತವರ ಹೆಸರು ನನಗೆಲ್ಲೂ ಸಿಕ್ಕಿಲ್ಲ.

ಸರಪಳಿ ನಮ್ಮ ಹೊಲಕ್ಕೂ ಬಂತು. ಅದಕ್ಕೆ ಸಾಕ್ಷಿ ಬೇಕಂದ್ರೆ ನಿಮ್ಮಪ್ಪನನ್ನು ಜಮೀನು ಎಷ್ಟಿದೆ ಅಂತ ಕೇಳಿ. "ಎರಡೆಕರೆ ಹನ್ನೆರಡು ಗುಂಟೆ" ಅಂತಾರೆ. ಒಂದು ಗುಂಟೆ ಅಂದ್ರೆ 33 ಅಡಿ ಉದ್ದ, 33 ಅಡಿ ಅಗಲ, 1089 ಚದರಡಿ. ಈ 33 ಎಲ್ಲಿಂದ ಬಂತು? ಗುಂಟರ್ ಅನ್ನೋ ಇಂಗ್ಲಿಷ್ ಗಣಿತಜ್ಞ ಮಾಡಿದ ಅಳತೆ ಸರಪಳಿ 66 ಅಡಿ, ಅದರ ಅರ್ಧ. ಅಂಥ 40 ಗುಂಟೆಗೆ ಒಂದು ಎಕರೆ. ನಾಡಕಚೇರಿಯಲ್ಲಿ ಸಿಗೋ ಗ್ರಾಮ ನಕಾಶೆಯಲ್ಲಿ ನಮ್ಮೂರಿನ ಒಂದೊಂದು ಹೊಲವೂ, ಹಳ್ಳವೂ, ಬಂಡಿದಾರಿಯೂ ಇದೆ. ಯಾಕಂದ್ರೆ ಕಂದಾಯ ವಸೂಲಾಗಬೇಕಿತ್ತು. ಅಂದ್ರೆ ನಮ್ಮೂರು ನಕ್ಷೆಯಲ್ಲಿ ಇರಲಿಲ್ಲ ಅನ್ನೋದೇ ಸುಳ್ಳು. ಇತ್ತು, ಕಚೇರಿಯ ಬೀರುವಿನಲ್ಲಿತ್ತು. ಫೋನಿಗೆ ಬಂದಿರಲಿಲ್ಲ ಅಷ್ಟೆ.

ಸರ್ವೇ ಆಫ್ ಇಂಡಿಯಾದ ನಕ್ಷೆಗಳೂ ಹಾಗೇ. ಗಡಿ, ಕರಾವಳಿಯ ವಿವರವಾದ ಹಾಳೆಗಳು ಸಾಮಾನ್ಯರಿಗೆ ಸಿಗ್ತಿರಲಿಲ್ಲ. 2005ರಲ್ಲಿ ರಾಷ್ಟ್ರೀಯ ನಕ್ಷಾ ನೀತಿ ಬಂದು ಸೇನೆಗೊಂದು ಸರಣಿ, ಜನಕ್ಕೊಂದು ಸರಣಿ ಅಂತ ಬೇರೆ ಮಾಡಿದ್ರು. ಹೀಗಾಗಿ ಫೋನಿಗೆ, ಕಾರಿಗೆ ನಕ್ಷೆ ಬೇಕಿದ್ದ ಕಂಪನಿಗಳು ಮತ್ತೆ ತಾವೇ ರಸ್ತೆಗಿಳಿದವು. ದೆಹಲಿಯ ಮ್ಯಾಪ್‌ಮೈಇಂಡಿಯಾದವರು 1995ರಿಂದಲೇ ಆ ಕೆಲಸ ಹಿಡಿದಿದ್ದರು. ಕಾರಿಗೆ ಜಿಪಿಎಸ್ ಕಟ್ಟಿಕೊಂಡು, ಒನ್‌ವೇ ಯಾವುದು, ಪೆಟ್ರೋಲ್ ಬಂಕ್ ಎಲ್ಲಿ ಅಂತ ಬರ್ಕೊಂಡು ಹೋಗೋದು. ಇದು ದುಡ್ಡಿನ ಕೆಲಸ. ಕಾರು ಕೊಳ್ಳುವವರು ಎಲ್ಲಿ ಹೆಚ್ಚೋ ಅಲ್ಲಿ ಮೊದಲು ಓಡಾಡ್ತಾರೆ. ನಮ್ಮೂರಿನ ಎರಡು ಕಿಲೋಮೀಟರ್ ಮಣ್ಣುದಾರಿಗೆ ಯಾರು ಬರ್ತಾರೆ?

ಫೋನಿನ ಕತೆ ಇವೆರಡಕ್ಕಿಂತ ಚಿಕ್ಕದು, ಆದ್ರೆ ಬಲು ಜೋರು. ಫಿನ್‌ಲ್ಯಾಂಡಿನ ಬೆನೆಫಾನ್ ಅನ್ನೋ ಕಂಪನಿ 1999ರಲ್ಲೇ ಜಿಪಿಎಸ್ ಇರೋ ಫೋನ್ ಮಾಡಿತ್ತು. ಅದೇ ದೇಶದ ನೋಕಿಯಾ 2006ರಲ್ಲಿ ಬರ್ಲಿನ್ನಿನ ಗೇಟ್5 ಅನ್ನೋ ನಕ್ಷೆ ಸಾಫ್ಟ್‌ವೇರ್ ಕಂಪನಿಯನ್ನು ಕೊಂಡಿತು. ಮಾರನೇ ವರ್ಷ ಎನ್95 ಫೋನಿಗೆ ಜಿಪಿಎಸ್ ಹಾಕಿತು. ಆಮೇಲೆ ನಕ್ಷೆಗಳನ್ನೇ ತಯಾರಿಸುವ ನ್ಯಾವ್‌ಟೆಕ್ ಕಂಪನಿಯನ್ನು 8.1 ಬಿಲಿಯನ್ ಡಾಲರ್ ಕೊಟ್ಟು ಖರೀದಿಸಿ 2008ಕ್ಕೆ ಕೈವಶ ಮಾಡಿಕೊಂಡಿತು. ನಕ್ಷೆ ಇದ್ದವನೇ ರಾಜ ಅನ್ನೋ ಲೆಕ್ಕ. ಅಷ್ಟರಲ್ಲಿ 2009ರ ಅಕ್ಟೋಬರ್ 28ರಂದು ಗೂಗಲ್, ಆಂಡ್ರಾಯ್ಡ್ ಫೋನಿಗೆ ದಾರಿ ಹೇಳುವ ಸಾಫ್ಟ್‌ವೇರನ್ನು ಅಮೆರಿಕದಲ್ಲಿ ಉಚಿತವಾಗಿ ಬಿಟ್ಟಿತು. ಕಾರಿನ ಗಾಜಿಗಂಟಿಸುವ ಡಬ್ಬಿ ಮಾರುತ್ತಿದ್ದ ಗಾರ್ಮಿನ್, ಟಾಮ್‌ಟಾಮ್ ಕಂಪನಿಗಳ ಷೇರು ಅವತ್ತೇ ಕುಸಿದವು. ಮೂರು ತಿಂಗಳೊಳಗೆ ನೋಕಿಯಾನೂ ಉಚಿತ ಮಾಡಿತು. ಪಿಜಿಯಲ್ಲಿ ನಾವು ರಾತ್ರಿ ಎರಡು ಗಂಟೆಗೆ ಇಳಿಸಿಕೊಂಡದ್ದು ಆ ಜಗಳದಲ್ಲಿ ಉದುರಿದ ಹಣ್ಣು.

ಗೂಗಲ್ 2009ರ ಕೊನೆಗೆ ಇಂಡಿಯಾಕ್ಕಾಗಿ ಇನ್ನೊಂದು ಬದಲಾವಣೆ ಮಾಡಿತು. ನಮ್ಮವರು ರಸ್ತೆ ಹೆಸರು ಹೇಳಿ ದಾರಿ ತೋರಿಸಲ್ಲ. ಗುಡಿ, ಬಂಕ್, ಆಸ್ಪತ್ರೆ ಹೇಳ್ತಾರೆ. ಅದಕ್ಕೆ ತಿರುವುಗಳ ಜೊತೆ ಗುರುತುಗಳನ್ನೂ ಸೇರಿಸಿದರು. ಓದಿದಾಗ ದೊಡ್ಡಪ್ಪನ ನೆನಪಾಗಿ ಖುಷಿಪಟ್ಟಿದ್ದೆ. ಗುರುತು ಕೂಡ ಕೈಕೊಡಬಹುದು ಅಂತ ಗೊತ್ತಾಗಿದ್ದು 2012ರ ಆಗಸ್ಟಿನಲ್ಲಿ.

ರಾತ್ರಿ ಒಂಬತ್ತೂವರೆ ಹೊತ್ತಿಗೆ ಊಟಕ್ಕೆ ಕೂತ ದೊಡ್ಡಪ್ಪನ ಕೈಯಿಂದ ಮುದ್ದೆ ಜಾರಿತು. ಬಾಯಿ ಒಂದು ಕಡೆ ಎಳೆದಿತ್ತು. ಲಕ್ವ ಅಂತ ದೊಡ್ಡಮ್ಮನಿಗೆ ಗೊತ್ತಾಯ್ತು. ತಮ್ಮ ಆಂಬುಲೆನ್ಸಿಗೆ ಫೋನ್ ಮಾಡಿದ. ಊರು? ಹೊಸಹಳ್ಳಿ. ಗಾಡಿ ಹೊರಟಿದೆ ಅಂದರು. ಮುಕ್ಕಾಲು ಗಂಟೆಯ ಮೇಲೆ ಡ್ರೈವರ್ ಫೋನ್ ಮಾಡಿ, "ಊರೊಳಗೆ ಬಂದಿದೀನಿ ಸಾರ್, ಮನೆ ಎಲ್ಲಿ?" ಅಂದ. ತಮ್ಮ, "ಮಾರಮ್ಮನ ಗುಡಿ ಹತ್ರ ಬನ್ನಿ" ಅಂದ. "ಗುಡಿ ಮುಂದೇ ನಿಂತಿದೀನಿ." ಇವನು ಓಡಿ ಗುಡಿ ಹತ್ರ ಹೋದ್ರೆ ನಾಯಿ ಬಿಟ್ಟು ಯಾರೂ ಇಲ್ಲ.

ಅದು ಪಕ್ಕದ ತಾಲ್ಲೂಕಿನ ಹೊಸಹಳ್ಳಿ. ಅಲ್ಲೂ ಮಾರಮ್ಮನ ಗುಡಿ ಇದೆ. ಇಲ್ಲದ ಊರು ಯಾವುದು?

ನನಗೆ ಫೋನ್ ಬಂತು. ಬೆಂಗಳೂರಿನ ರೂಮಿನಲ್ಲಿ ಕೂತು ನಾನು ಡ್ರೈವರಿಗೆ ದಾರಿ ಹೇಳೋಕೆ ಹೋದೆ. ನಕ್ಷೆ ತೆರೆದೆ. ಅದೇ ಬಿಳಿ ಬಯಲು. ಐದು ಕಿಲೋಮೀಟರ್ ಸುತ್ತಳತೆಯಲ್ಲಿ ಎಷ್ಟು ಎಟಿಎಂ ಇವೆ ಅಂತ ಹೇಳಬಲ್ಲ ಫೋನು ನನ್ನ ಕೈಯಲ್ಲಿತ್ತು, ನಾನು ಹುಟ್ಟಿದ ಊರಿಗೆ ದಾರಿ ಇರಲಿಲ್ಲ. ಕೊನೆಗೆ ಹಾಲಿನ ಟೆಂಪೊ ಎಬ್ಬಿಸಿ ಅದರಲ್ಲೇ ಕರ್ಕೊಂಡು ಹೋದರು. ತಾಲ್ಲೂಕು ಆಸ್ಪತ್ರೆಯಲ್ಲಿ ನೋಡಿ ಹಾಸನಕ್ಕೆ ಕಳಿಸಿದರು. ಮುಟ್ಟಿದಾಗ ಎರಡೂವರೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ಐದು ಗಂಟೆಯಾಗಿತ್ತು. ದೊಡ್ಡಪ್ಪ ಉಳಿದರು, ಮಾತು ಬಂತು, ಬಲಗೈ ಬರಲಿಲ್ಲ. ಆ ಇಂಜೆಕ್ಷನ್ ಸಿಕ್ಕಿದ್ರೆ ಬರ್ತಿತ್ತಾ ಅಂತ ಡಾಕ್ಟರನ್ನು ನಾನು ಕೇಳಲಿಲ್ಲ. ಕೇಳೋ ಧೈರ್ಯ ಇರಲಿಲ್ಲ.

2013ರ ಯುಗಾದಿಗೆ ಹೋಗುವಾಗ ಲ್ಯಾಪ್‌ಟಾಪ್, ಡಾಂಗಲ್ ಹೊತ್ತುಕೊಂಡು ಹೋದೆ. ಅಷ್ಟರಲ್ಲಿ ಗೂಗಲ್‌ನ ಮ್ಯಾಪ್ ಮೇಕರ್ ಬಗ್ಗೆ ತಿಳಿದಿದ್ದೆ. ಬೆಂಗಳೂರು ಕಚೇರಿಯ ಲಲಿತೇಶ್ ಕಟ್ರಗಡ್ಡ ಮತ್ತವರ ಜೊತೆಗಾರರು ಕಟ್ಟಿ, 2008ರಲ್ಲಿ ಜನರಿಗೆ ಬಿಟ್ಟದ್ದು ಅದು. ಉಪಗ್ರಹ ಚಿತ್ರದ ಮೇಲೆ ನಮ್ಮ ಬೀದಿಯನ್ನು ನಾವೇ ಗೆರೆ ಎಳೆದು, ಹೆಸರು ಬರೆದು ಕಳಿಸೋದು. ಬೇರೆಯವರು ನೋಡಿ ಒಪ್ಪಿದ ಮೇಲೆ ನಕ್ಷೆಗೆ ಸೇರುತ್ತೆ. 2009ರ ನವೆಂಬರಿನಲ್ಲಿ ಮೈಸೂರಿನಲ್ಲಿ ನಡೆದ ಟೆಡ್ ಇಂಡಿಯಾ ಸಮ್ಮೇಳನದಲ್ಲಿ ಕಟ್ರಗಡ್ಡ ಇದರ ಬಗ್ಗೆ ಮಾತಾಡಿದ್ದರು. ಇದೇ ಆಸೆಯಿಂದ, ಆದ್ರೆ ಯಾವ ಕಂಪನಿಯ ಹಂಗೂ ಇಲ್ಲದೆ, ಬ್ರಿಟನ್ನಿನ ಸ್ಟೀವ್ ಕೋಸ್ಟ್ 2004ರಲ್ಲೇ ಓಪನ್‌ಸ್ಟ್ರೀಟ್‌ಮ್ಯಾಪ್ ಶುರು ಮಾಡಿದ್ದ.

ಜಗಲಿ ಮೇಲೆ ಲ್ಯಾಪ್‌ಟಾಪ್ ಇಟ್ಟು ಚಿತ್ರ ತೆರೆದೆ. ದೊಡ್ಡಪ್ಪ ಪಕ್ಕಕ್ಕೆ ಬಂದು ಕೂತರು. ಒಂದು ನಿಮಿಷ ಏನೂ ಗೊತ್ತಾಗಲಿಲ್ಲ. ಆಮೇಲೆ ಎಡಗೈ ಬೆರಳಿಟ್ಟು ಶುರು ಮಾಡಿದರು. "ಇದು ಕೆರೆ ಏರಿ. ಇದು ತೂಬು. ಇದು ಹಾಲಿನ ಡೈರಿ. ಈ ದಾರೀಲಿ ಮಳೆಗಾಲದಲ್ಲಿ ಗಾಡಿ ಹೋಗಕ್ಕಿಲ್ಲ, ಬರ್ಕೋ." ಹೆಸರು ಬರೆಯುವಾಗ ನಾನು ದಾಖಲೆಯಲ್ಲಿರೋ ಹಾಗೆ ಹೊಸಹಳ್ಳಿ ಅಂತ ಹಾಕಿದೆ. "ಅಂಗೆ ಬರ್ದೇ ಅಲ್ವೇನ್ಲಾ ಅವತ್ತು ಗಾಡಿ ಎಲ್ಲೋ ಹೋಗಿದ್ದು? ಕೆರೆಹೊಸಳ್ಳಿ ಅಂತ ಹಾಕು. ಸುತ್ತಮುತ್ತಲೋರು ಕರೆಯೋದು ಅಂಗೇಯ" ಅಂದರು. ಹಾಗೇ ಹಾಕಿದೆ.

ಎರಡು ದಿನ ಕೂತು ಮುಗಿಸಿ, ಮಾಡಿದ್ದನ್ನು ಗೇಟಿನ ಟೀ ಅಂಗಡಿಯಲ್ಲಿ ಎಲ್ಲರಿಗೂ ತೋರಿಸ್ತಿದ್ದೆ. ಜೊತೆಗೆ ಏಳನೇ ಕ್ಲಾಸಿನವರೆಗೆ ಓದಿದ ಗೆಳೆಯನೊಬ್ಬ ಬಗ್ಗಿ ನೋಡಿ, "ನಮ್ ಬೀದಿ ಎಲ್ಲಪ್ಪ?" ಅಂದ.

ಇರಲಿಲ್ಲ. ಹಳ್ಳದಾಚೆಯ ಕಾಲೊನಿಯನ್ನು ನಾನು ಬರೆದೇ ಇರಲಿಲ್ಲ. ಚಿತ್ರದಲ್ಲಿ ಮನೆಗಳು ಚೆನ್ನಾಗೇ ಕಾಣ್ತಿದ್ದವು. ಬೇಕಂತ ಬಿಟ್ಟದ್ದಲ್ಲ ಅಂತ ಹೇಳಬಹುದು, ಆದ್ರೆ ಅದು ಉತ್ತರವಲ್ಲ. ಚಿಕ್ಕಂದಿನಿಂದ ನನ್ನ ಕಾಲು ಆ ಹಳ್ಳ ದಾಟಿದ್ದು ಕಡಿಮೆ. ಕಾಲು ಎಲ್ಲಿ ನಿಂತಿತ್ತೋ ನಕ್ಷೆಯೂ ಅಲ್ಲೇ ನಿಂತಿತ್ತು. ಮಣ್ಣುದಾರಿಗೆ ಬರದ ಕಂಪನಿ ಕಾರುಗಳ ಬಗ್ಗೆ ಅಷ್ಟು ಸಿಟ್ಟಾಗಿದ್ದ ನಾನು ಮಾಡಿದ್ದೂ ಅದನ್ನೇ. ಅವತ್ತು ಸಂಜೆ ಅವನ ಜೊತೆ ಹೋಗಿ ನಾಲ್ಕೂ ಬೀದಿ ನಡೆದು, ಅವನು ಹೇಳಿದ ಹೆಸರುಗಳನ್ನು ಬರ್ಕೊಂಡು ಬಂದೆ. ಅಂಬೇಡ್ಕರ್ ಭವನ, ನೀರಿನ ಟ್ಯಾಂಕು, ಅವರ ಮಾರಮ್ಮ. ಹೌದು, ನಮ್ಮೂರಲ್ಲೇ ಎರಡು ಮಾರಮ್ಮನ ಗುಡಿ.

ಮ್ಯಾಪ್ ಮೇಕರನ್ನು 2017ರ ಮಾರ್ಚ್ 31ಕ್ಕೆ ಮುಚ್ಚಿದರು. ಬರೆದ ಗೆರೆಗಳು ಗೂಗಲ್ ಮ್ಯಾಪಿನಲ್ಲಿ ಉಳಿದವು. ಮನಸ್ಸು ತಡೀದೆ ಅಷ್ಟನ್ನೂ ಓಪನ್‌ಸ್ಟ್ರೀಟ್‌ಮ್ಯಾಪಿಗೂ ಹೊಸದಾಗಿ ಬರೆದೆ. 2021ರ ಫೆಬ್ರವರಿಯಲ್ಲಿ ಸರ್ಕಾರ ನಿಯಮ ಸಡಿಲಿಸಿ, ಭಾರತೀಯ ಕಂಪನಿಗಳು ಮೊದಲೇ ಅನುಮತಿ ಕೇಳದೆ ನಕ್ಷೆ ಮಾಡಬಹುದು ಅಂದಿತು. ಆಕಾಶದಲ್ಲೂ ನಮ್ಮದೇ ನಾವಿಕ್ ಉಪಗ್ರಹಗಳಿವೆ. ಅವುಗಳ ಕೇಂದ್ರ ಇರೋದು ಬೆಂಗಳೂರಿನಾಚೆಯ ಬ್ಯಾಲಾಳು ಹಳ್ಳಿಯಲ್ಲಿ. ಈಗ ನಮ್ಮೂರಿಗೆ ಕೊರಿಯರ್ ಹುಡುಗರು ಗೇಟಿನಲ್ಲಿ ಗಾಡಿ ನಿಲ್ಲಿಸದೆ, ಫೋನ್ ನೋಡ್ಕೊಂಡೇ ಬರ್ತಾರೆ. ದಾರಿ ಕೇಳುವವರು ಕಡಿಮೆಯಾಗಿದ್ದಾರೆ ಅಂತ ದೊಡ್ಡಪ್ಪನಿಗೆ ಸ್ವಲ್ಪ ಬೇಜಾರೂ ಇದೆ.

ಹೋದ ವರ್ಷ ಅವರನ್ನು ಹೊಲಕ್ಕೆ ಕರ್ಕೊಂಡು ಹೋಗಿ ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ತೆರೆದೆ. ನಾವು ನಿಂತ ಜಾಗದ ಸರ್ವೇ ನಂಬರ್ ತೋರಿಸುತ್ತೆ ಅದು. ಕಚೇರಿಯ ಬೀರುವಿನಲ್ಲಿದ್ದ ಅದೇ ಹಳೇ ಸರಪಳಿಯ ಗೆರೆಗಳು, ಅದರ ಮೇಲೆ ಆಕಾಶದ ಚುಕ್ಕೆ. ದೊಡ್ಡಪ್ಪ ಫೋನ್ ನೋಡಿದರು, ಬದುವಿನ ಕಡೆ ನೋಡಿದರು, ಮತ್ತೆ ಫೋನ್ ನೋಡಿದರು.

"ಸರಿಯಾಗೈತೆ. ಆದ್ರೆ ಬಾಂದು ಕಲ್ಲು ಇನ್ನೂ ಆರಡಿ ಆಚೆಗೈತೆ ಕಣ್ಲಾ" ಅಂದರು.

ಹೋಗಿ ಹುಲ್ಲು ಸರಿಸಿ ನೋಡಿದೆ. ಕಲ್ಲು ಅಲ್ಲೇ ಇತ್ತು.